ಸಂಘದ ಸೈಟಿಗೆ ದುಡ್ಡು ಕಟ್ಟುವ ಮುನ್ನ

ಪ್ರಶ್ನೆ: ಬೆಂಗಳೂರಿನ ನೌಕರರ ಗೃಹ ನಿರ್ಮಾಣ ಸಹಕಾರ ಸಂಘವೊಂದು 30×40 ಸೈಟಿಗೆ ಮಾರುಕಟ್ಟೆಗಿಂತ ತೀರಾ ಕಡಿಮೆ ದರ ಹೇಳುತ್ತಿದೆ. ಮೊದಲ ಕಂತು ಕಟ್ಟಬಹುದೇ?

ಉತ್ತರ: ದರ ಕಡಿಮೆ ಎಂದ ಮಾತ್ರಕ್ಕೆ ಅನುಮಾನ ಬೇಡ. ಸಂಘ ಲಾಭಕ್ಕೆ ನಡೆಯುವುದಲ್ಲ. ಜಮೀನಿನ ಬೆಲೆ, ಬಡಾವಣೆ ಅಭಿವೃದ್ಧಿಯ ವೆಚ್ಚ, ಕಚೇರಿ ಖರ್ಚು, ಇಷ್ಟನ್ನೇ ಸದಸ್ಯರಿಗೆ ಹಂಚಬೇಕು. ಆದರೆ ಜಮೀನು ಕೊಳ್ಳುವ ಬಂಡವಾಳ ನಿಮ್ಮದೇ ಆಗಿರುವುದರಿಂದ, ಜಮೀನು ಸಿಕ್ಕಿಹಾಕಿಕೊಂಡರೆ ನಿಮ್ಮ ದುಡ್ಡೂ ಸಿಕ್ಕಿಹಾಕಿಕೊಳ್ಳುತ್ತದೆ.

ಬಣ್ಣದ ಬ್ರೋಷರ್ ಬದಿಗಿಟ್ಟು ಸರ್ವೆ ನಂಬರ್ ಕೇಳಿ. ಕೊಡಲು ತಡವರಿಸಿದರೆ ಅಲ್ಲಿಗೇ ಕೈಬಿಡಿ. ಕೊಟ್ಟರೆ ಪಹಣಿ ತೆಗೆಸಿ: 9ನೇ ಕಾಲಂನಲ್ಲಿ ಸಂಘದ ಹೆಸರಿದೆಯೋ, ಇನ್ನೂ ರೈತರ ಹೆಸರೇ ಇದೆಯೋ ನೋಡಿ, 11ನೇ ಕಾಲಂನಲ್ಲಿ ಸಾಲ, ಕೋರ್ಟ್ ತಡೆ ಏನಾದರೂ ನಮೂದಾಗಿದೆಯೇ ಗಮನಿಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆದುಕೊಳ್ಳಿ. ಭೂ ಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ಬಡಾವಣೆ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ, ಮೂರನ್ನೂ ಕೇಳಿ. ನಕ್ಷೆಯಲ್ಲಿ ನಿಮ್ಮ ಸೈಟ್ ನಂಬರ್ ಇರಬೇಕು. ಪಾರ್ಕಿಗೆ ಬಿಟ್ಟ ಜಾಗದಲ್ಲಿ ನಂಬರ್ ಹಾಕಿ ಮಾರಿದರೆ ಖಾತೆ ಆಗುವುದಿಲ್ಲ.

ಇನ್ನೊಂದು ವಿಷಯ: ಜಮೀನು ಮಾಡಿಕೊಡುವವರು ಯಾರು? ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಹಕಾರ ಸಂಘಕ್ಕಾಗಿ ನಡೆದ ಭೂಸ್ವಾಧೀನ ರದ್ದಾದದ್ದನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಎತ್ತಿಹಿಡಿದದ್ದಕ್ಕೆ ಒಂದು ಕಾರಣ ಮಧ್ಯವರ್ತಿಗಳ ಪಾತ್ರ. ಸಂಘ ಯಾವುದಾದರೂ ಡೆವಲಪರ್ ಜೊತೆ ಒಪ್ಪಂದ ಮಾಡಿಕೊಂಡಿದ್ದರೆ ಅದರ ಪ್ರತಿ ಓದದೆ ಚೆಕ್ ಬರೆಯಬೇಡಿ. ಚೆಕ್ ಸಂಘದ ಹೆಸರಿಗೇ ಇರಲಿ, ರಸೀದಿಯಲ್ಲಿ ಸದಸ್ಯತ್ವ ಸಂಖ್ಯೆ ಇರಲಿ. ನಗದಂತೂ ಬೇಡವೇ ಬೇಡ.

ಪ್ರಶ್ನೆ: ಪೂರ್ತಿ ಹಣ ಕಟ್ಟಿ ವರ್ಷಗಳಾದವು. ಸೈಟ್ ಇಲ್ಲ, ಜ್ಯೇಷ್ಠತಾ ಪಟ್ಟಿಯನ್ನೂ ತೋರಿಸುತ್ತಿಲ್ಲ.

ಉತ್ತರ: ಮೊದಲು ಸಂಘಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಬರೆಯಿರಿ. ಸರ್ಕಾರದ ಗಣನೀಯ ನೆರವಿಲ್ಲದ ಸಹಕಾರ ಸಂಘ ನೇರವಾಗಿ ಆರ್‌ಟಿಐಗೆ ಒಳಪಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಹಾಗೆಂದು ದಾರಿ ಮುಚ್ಚಿಲ್ಲ: ಸಹಕಾರ ಸಂಘಗಳ ನಿಬಂಧಕರು (ರಿಜಿಸ್ಟ್ರಾರ್) ಕಾನೂನಿನಡಿ ಸಂಘದಿಂದ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ಅವರ ಕಚೇರಿಯಿಂದಲೇ ಕೇಳಬಹುದು. ಲೆಕ್ಕಪರಿಶೋಧನಾ ವರದಿ ಹೀಗೆ ಸಿಗುತ್ತದೆ. ಸದಸ್ಯರಿಂದ ಬಂದ ಮುಂಗಡ ಎಷ್ಟು, ಜಮೀನಿಗೆ ಹೋದದ್ದೆಷ್ಟು ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ಆಮೇಲೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 70ನೇ ಪ್ರಕರಣದಡಿ ದಾವೆ ಹೂಡಬಹುದು. ಬಡಾವಣೆ ರೇರಾ ವ್ಯಾಪ್ತಿಗೆ ಬರುವುದಾದರೆ ಬಡ್ಡಿಸಹಿತ ಹಣ ವಾಪಸು ಕೇಳಿ ಅಲ್ಲಿ ದೂರು ಕೊಡುವ ದಾರಿಯೂ ಇದೆ. ಸೈಟೇ ಬೇಕೋ, ಹಣ ಸಾಕೋ ಎಂದು ಮೊದಲೇ ತೀರ್ಮಾನಿಸಿ. ಅರ್ಜಿಯ ಕೋರಿಕೆ ಬರೆಯುವುದು ಅದರ ಮೇಲೆ. ಕಾಲಮಿತಿ ಮೀರುವ ಮುನ್ನ ವಕೀಲರಿಗೆ ರಸೀದಿಗಳನ್ನು ತೋರಿಸಿ.