ಮೊದಲ ಎರಡು ಪುಟ ಬೇಡ, ಶಿ ತಾವೊನಿಂದ ಶುರುಮಾಡಿ

ಪ್ರಿಯರೇ,

ಚೀನಾದ ಸೆನ್ಸಾರ್‌ಶಿಪ್ಪಿಗೆ ತಲೆಬಾಗಿದ ಅಮೆರಿಕನ್ ಕಂಪನಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸುವುದು ಸಾಧ್ಯವಿಲ್ಲ. ಭಾಷೆ ಸರಾಗವಾಗಿದೆ, ಓದಿಕೊಂಡಿರುವುದೂ ಕಾಣುತ್ತದೆ. ಆದರೆ ತೀರ್ಪು ಮೊದಲೇ ಬರೆದಿಟ್ಟು ಆಮೇಲೆ ಸಾಕ್ಷಿ ಹುಡುಕಲು ಹೊರಟಂತಿದೆ.

ಮೊದಲ ಎರಡು ಪುಟ ತೆಗೆದುಹಾಕಿ. ಚಾಣಕ್ಯ, ಗಾಂಧೀಜಿ, ಜಾಗತೀಕರಣ ಎಲ್ಲ ಬಂದುಹೋದ ಮೇಲೆ ಚೀನಾ ಬರುತ್ತದೆ. ಅಷ್ಟರಲ್ಲಿ ಓದುಗರು ಮುಂದಿನ ಲೇಖನಕ್ಕೆ ಹೋಗಿರುತ್ತಾರೆ.

ನಿಮ್ಮ ನಿಜವಾದ ಲೇಖನ ಇರುವುದು “ಯಾಹೂ ಕೂಡ ಎಡವಿತು” ಎಂದು ನೀವು ದಾಟಿಸಿಬಿಟ್ಟ ಸಾಲಿನಲ್ಲಿ. 2004ರಲ್ಲಿ, ಬೀಜಿಂಗ್‌ನಲ್ಲಿ ಪ್ರಜಾಪ್ರಭುತ್ವ ಕೇಳಿದವರ ಮೇಲೆ 1989ರಲ್ಲಿ ನಡೆದ ತಿಯಾನನ್ಮೆನ್ ಹತ್ಯಾಕಾಂಡಕ್ಕೆ ಹದಿನೈದು ವರ್ಷ ತುಂಬುವ ಮುಂಚೆ ಸರ್ಕಾರ ಪತ್ರಿಕೆಗಳಿಗೆ ಕೊಟ್ಟ ಸೂಚನೆಯನ್ನು ಶಿ ತಾವೊ ಎಂಬ ಪತ್ರಕರ್ತ ಯಾಹೂ ಖಾತೆಯಿಂದ ಹೊರದೇಶಕ್ಕೆ ಕಳಿಸಿದ. ಆ ಖಾತೆಯ ವಿವರವನ್ನು ಯಾಹೂ ಪೊಲೀಸರಿಗೆ ಕೊಟ್ಟಿತು. 2005ರಲ್ಲಿ ಆತನಿಗೆ ಹತ್ತು ವರ್ಷ ಜೈಲಾಯಿತು. 2007ರಲ್ಲಿ ಅಮೆರಿಕದ ಸಂಸದೀಯ ಸಮಿತಿಯ ವಿಚಾರಣೆಯಲ್ಲಿ ಯಾಹೂ ಮುಖ್ಯಸ್ಥ ಜೆರ್ರಿ ಯಾಂಗ್, ಹಿಂದಿನ ಸಾಲಿನಲ್ಲಿ ಕೂತಿದ್ದ ಆ ಪತ್ರಕರ್ತನ ತಾಯಿಗೆ ತಲೆಬಾಗಿದರು. ಇಷ್ಟನ್ನು ಕೈಯಲ್ಲಿಟ್ಟುಕೊಂಡು ಚಾಣಕ್ಯನ ಹತ್ತಿರ ಯಾಕೆ ಹೋದಿರಿ?

ಗೂಗಲ್‌ಗೆ ಬರೋಣ. 2006ರ ಜನವರಿಯಲ್ಲಿ ಅದು ಸೋಸಿದ ಹುಡುಕಾಟ ಸೇವೆಯನ್ನು ಚೀನಾಕ್ಕೆ ಒಯ್ದದ್ದು “ಬರೀ ದುರಾಸೆ” ಎನ್ನುತ್ತೀರಿ. ಆದರೆ ಜಿಮೇಲ್ ಮತ್ತು ಬ್ಲಾಗರ್ ಎಂಬ ತನ್ನ ಬ್ಲಾಗ್ ಸೇವೆಯನ್ನು ಅದು ಆಗ ಒಯ್ಯಲಿಲ್ಲ. ಪತ್ರಗಳು ಆ ನೆಲದ ಸರ್ವರ್‌ನಲ್ಲಿದ್ದರೆ ಪೊಲೀಸರು ಬಂದು ಕೇಳಿದಾಗ ಇಲ್ಲವೆನ್ನಲು ಆಗುವುದಿಲ್ಲ. ಫಲಿತಾಂಶ ಕತ್ತರಿಸಿದಾಗ ಪುಟದ ಕೆಳಗೆ ಹಾಗೆಂದು ತಿಳಿಸುತ್ತಿತ್ತು ಕೂಡ. ಏನೂ ಸಿಗದಿರುವುದಕ್ಕಿಂತ ಇಷ್ಟಾದರೂ ಸಿಗಲಿ ಎಂಬುದು ಅವರ ವಾದ. ನಾನು ಅದನ್ನು ಒಪ್ಪುವುದಿಲ್ಲ, ಕತ್ತರಿ ಹಿಡಿದ ಕೈ ಕಂಪನಿಯದೇ ಆಗಿತ್ತಲ್ಲ. ಆದರೂ ಆ ವಾದವನ್ನು ಅದರ ಪೂರ್ತಿ ಬಲದೊಂದಿಗೆ ಓದುಗರ ಮುಂದಿಟ್ಟು, ಆಮೇಲೆ ಸೋಲಿಸಿ.

2010ರಲ್ಲಿ “ಗೂಗಲ್‌ನ ಆತ್ಮಸಾಕ್ಷಿ ಎಚ್ಚೆತ್ತಿತು” ಎಂಬ ಮಾತೂ ನಿಲ್ಲುವುದಿಲ್ಲ. ಅದರ ಸರ್ವರ್‌ಗಳಿಗೇ ಕನ್ನ ಬಿದ್ದಿತ್ತು, ಮಾನವಹಕ್ಕು ಹೋರಾಟಗಾರರ ಜಿಮೇಲ್ ಖಾತೆಗಳು ದಾಳಿಕೋರರ ಗುರಿಯಾಗಿದ್ದವು. ಆ ಮೇಲೆ ಚೀನಾದ ಹುಡುಕಾಟವನ್ನು ಸೋಸದೆ ಕೊಡಲು ಹಾಂಗ್‌ಕಾಂಗ್‌ಗೆ ತಿರುಗಿಸಿದರು. ಅದೇ ಕಂಪನಿ ಚೀನಾಕ್ಕೆಂದು ಮತ್ತೆ ಸೆನ್ಸಾರ್ ಹುಡುಕಾಟ ಸಿದ್ಧಪಡಿಸುತ್ತಿರುವುದು 2018ರಲ್ಲಿ ಬಯಲಾಯಿತು. ಡ್ರಾಗನ್‌ಫ್ಲೈ ಎಂಬ ಆ ಯೋಜನೆಯ ವಿರುದ್ಧ ದನಿ ಎತ್ತಿದವರಲ್ಲಿ ಅದರ ಉದ್ಯೋಗಿಗಳೇ ಇದ್ದರು. ಇದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಇನ್ನು ಆ್ಯಪಲ್. ಅದನ್ನು ಮಾತ್ರ ಹೊಗಳಿದ್ದೀರಿ (ಜೇಬಿನಲ್ಲಿರುವ ಫೋನ್ ಅದೇ ಇರಬೇಕು). 2017ರಲ್ಲಿ ಅದು ಚೀನಾದ ಆ್ಯಪ್ ಸ್ಟೋರ್‌ನಿಂದ ಸರ್ಕಾರದ ತಡೆ ದಾಟಿ ಅಂತರ್ಜಾಲ ನೋಡಲು ನೆರವಾಗುವ ವಿಪಿಎನ್ ಆ್ಯಪ್‌ಗಳನ್ನು ತೆಗೆಯಿತು. 2018ರಲ್ಲಿ ಅಲ್ಲಿನ ಗ್ರಾಹಕರ ಐಕ್ಲೌಡ್ ಸೇವೆಯನ್ನು ಗ್ವಿಝೌ ಪ್ರಾಂತ್ಯದ ಸರ್ಕಾರಿ ಕಂಪನಿಗೆ ಒಪ್ಪಿಸಿತು. ಯಾಹೂಗೆ ಕೇಳುವ ಪ್ರಶ್ನೆಯನ್ನು ಇದಕ್ಕೂ ಕೇಳಿ: ಮಾಹಿತಿ ಯಾರ ನೆಲದಲ್ಲಿದೆ, ಬೀಗದ ಕೈ ಯಾರ ಬಳಿ ಇದೆ?

“ದುರಾಸೆ” ಎಂಬ ಪದ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಕಂಪನಿ ಏನು ಮಾಡಿತು ಎಂಬುದನ್ನಷ್ಟೇ ಬರೆಯಿರಿ. ಲೇಖನ ಅರ್ಧಕ್ಕಿಳಿಸಿ ಮತ್ತೆ ಕಳಿಸಿ, ಶೀರ್ಷಿಕೆ ನಾನು ನೋಡಿಕೊಳ್ಳುತ್ತೇನೆ.

— ಸಂಪಾದಕ