ಕೋವಿ ಮನೆಯಲ್ಲಿ ತೋಟಾ ಎಷ್ಟು ವರ್ಷ ಬಾಳುತ್ತದೆ?

ಪ್ರಶ್ನೆ: ಹನ್ನೆರಡು ಬೋರಿನ ಕೋವಿಗೆ ತಂದ ಎರಡು ಪೆಟ್ಟಿಗೆ ತೋಟಾ ಹದಿನೈದು ವರ್ಷದಿಂದ ಹಾಗೇ ಇವೆ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲೇ ಇಟ್ಟಿದ್ದೇವೆ. ಹಾರಿಸಬಹುದೇ?
– ಓದುಗರೊಬ್ಬರು, ಮಡಿಕೇರಿ ತಾಲ್ಲೂಕು

ಉತ್ತರ: ಮೊದಲು ಅಟ್ಟದಿಂದ ಇಳಿಸಿ. ಇಂದಿನ ತೋಟಾದಲ್ಲಿರುವುದು ಕರಿಮದ್ದಲ್ಲ, ನೈಟ್ರೋಸೆಲ್ಯುಲೋಸಿನ ಹೊಗೆರಹಿತ ಮದ್ದು. ಅದು ತನ್ನಷ್ಟಕ್ಕೆ ನಿಧಾನವಾಗಿ ಕೆಡುತ್ತಾ ಆಮ್ಲೀಯ ಅನಿಲ ಬಿಡುತ್ತದೆ. ಆ ಅನಿಲವನ್ನು ಹಿಡಿದಿಡಲೆಂದು ಡೈಫಿನೈಲಮೈನಿನಂಥ ರಾಸಾಯನಿಕ ಬೆರೆಸಿರುತ್ತಾರೆ. ಶಾಖ ಹೆಚ್ಚಿದಷ್ಟೂ ಆ ರಾಸಾಯನಿಕ ಬೇಗ ಮುಗಿಯುತ್ತದೆ. ಅಟ್ಟದಲ್ಲಿ ತೇವದಿಂದ ಉಳಿಸಿದ್ದನ್ನು ಶಾಖಕ್ಕೆ ಕೊಟ್ಟಂತಾಯಿತು, ಅಷ್ಟೇ. ತಗಡಿನ ಮಾಡಿನ ಕೆಳಗೆ, ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟರೂ ಇದೇ ಕತೆ.

ತಂಪಾದ ಒಣ ಜಾಗದಲ್ಲಿಟ್ಟ ತೋಟಾ ಇಪ್ಪತ್ತು, ಮೂವತ್ತು ವರ್ಷದ ಮೇಲೂ ಹೊಡೆಯುತ್ತದೆ. ಹಾಗಾಗಿ ಇಸವಿ ನೋಡಬೇಡಿ, ತೋಟಾ ನೋಡಿ. ಒಂದೊಂದನ್ನೇ ಬೆಳಕಿಗೆ ಹಿಡಿಯಿರಿ. ಹಿತ್ತಾಳೆ ಮಂಕಾಗಿದ್ದರೆ ಚಿಂತೆಯಿಲ್ಲ. ಹಸಿರು ಕಿಲುಬು ಹಿತ್ತಾಳೆಯನ್ನು ತಿಂದು ಗುಳಿ ಮಾಡಿದ್ದರೆ, ಕೇಪಿನ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಸುತ್ತ ತುಕ್ಕು ಬಂದಿದ್ದರೆ, ಬಾಯಿ ಮಡಿಕೆ ಬಿಚ್ಚಿದ್ದರೆ ಅದನ್ನು ಬೇರೆ ಇಡಿ. ಕಾಗದದ ತೋಟಾ ತೇವಕ್ಕೆ ಊದುತ್ತದೆ. ನಳಿಗೆಗೆ ಸಲೀಸಾಗಿ ಇಳಿಯದಿದ್ದರೆ ಒತ್ತಿ ತೂರಿಸಬೇಡಿ. ಪೆಟ್ಟಿಗೆ ತೆರೆದಾಗ ಮೂಗಿಗೆ ಹೊಡೆಯುವ ಹುಳಿ ಘಾಟು ಬಂದರೆ ಒಂದನ್ನೂ ಬಳಸಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಹೇಗೆ ಕಾಪಾಡುವುದು? ಎಣ್ಣೆ ಸವರಿಟ್ಟರೆ ಆಗದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಎಣ್ಣೆ ನಳಿಗೆಗೆ, ತೋಟಾಕ್ಕಲ್ಲ. ತೆಳು ಎಣ್ಣೆ ಕೇಪಿನ ಸಂದಿಯಿಂದ ಒಳಗಿಳಿದು ಕೇಪನ್ನೇ ಸಾಯಿಸುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಚರ್ಮದ ಪಟ್ಟಿಯಲ್ಲೂ ವರ್ಷಗಟ್ಟಲೆ ಬಿಡಬೇಡಿ. ಹದ ಮಾಡಿದ ಚರ್ಮದ ಅಂಶಕ್ಕೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ.

ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿ ತನ್ನಿ. ತುಂಬುವ ಕೆಲಸ ಕಾಫಿ ಒಣಗುವ ಜನವರಿ, ಫೆಬ್ರುವರಿಯಲ್ಲಿ ಮಾಡಿ. ಜೂನ್‌ನಲ್ಲಿ ಮುಚ್ಚಿದರೆ ಮಳೆಗಾಲವನ್ನೇ ಒಳಗೆ ಕೂಡಿಹಾಕಿದಂತೆ. ಜತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಎಂದರ್ಥ. ಹರಳನ್ನು ಮಾತ್ರ ಬೇರೆ ಕೋಣೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಉಪ್ಪಿನ ಗಂಟು ಮಾತ್ರ ಬೇಡ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿ ಹೊರಬರುವುದು ಸೆಪ್ಟೆಂಬರ್ ಮೊದಲ ವಾರ, ಗಾಳಿಯಲ್ಲಿನ್ನೂ ನೀರಿರುತ್ತದೆ. ಆಗ ತೋಟಾ ಡಬ್ಬಿ ಮುಚ್ಚಿಯೇ ಇರಲಿ. ಕೋವಿಗೊಂದು ಬೀಗ, ತೋಟಾಕ್ಕೆ ಬೇರೊಂದು.

ಪ್ರಶ್ನೆ: ಹಳೇ ತೋಟಾ ಒಮ್ಮೆ 'ಠುಸ್' ಅಂದಿತು. ಇನ್ನೊಂದು ಹಾಕಿ ನೋಡಬಹುದಿತ್ತೇ?
– ಓದುಗರೊಬ್ಬರು, ಕೊಪ್ಪ

ಉತ್ತರ: ಹಾಕದೇ ಇದ್ದದ್ದು ಒಳ್ಳೆಯದಾಯಿತು. ಸದ್ದೇ ಬಾರದ ತೋಟಾಕ್ಕಿಂತ ಅರೆಸದ್ದಿನದು ಅಪಾಯ. ಮದ್ದು ಪೂರ್ತಿ ಉರಿಯದೆ ಬತ್ತಿ (ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆ) ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತದೆ. ಕೋವಿ ಬಿಚ್ಚಿ, ಎರಡೂ ನಳಿಗೆ ಖಾಲಿಮಾಡಿ, ಹಿಂಬದಿಯಿಂದ ಆಕಾಶದ ಬೆಳಕಿಗೆ ಹಿಡಿದು ನೋಡಿ. ಗುಂಡನೆಯ ಬೆಳಕು ಪೂರ್ತಿ ಕಾಣಬೇಕು.

ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿದ್ದರೂ ಸದ್ದೇ ಬಾರದಿದ್ದರೆ ನಳಿಗೆಯ ಬಾಯಿಯನ್ನು ಜನವಿಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ಕೇಪಿನ ಕೋವಿಯಾದರೆ (ಬಾಯಿಯಿಂದ ಕರಿಮದ್ದು ತುಂಬುವ ಹಳೇ ಬಗೆಯದು) ಎರಡು ನಿಮಿಷ. ತಡವಾಗಿ ಹೊತ್ತುವುದುಂಟು.

ಪ್ರಶ್ನೆ: ಕೆಟ್ಟ ತೋಟಾ ಒಡೆದು ಮದ್ದನ್ನು ಕೇಪಿನ ಕೋವಿಗೆ ಬಳಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಖಂಡಿತ ಬೇಡ. ಕರಿಮದ್ದಿಗೆಂದು ಮಾಡಿದ ನಳಿಗೆ ಹೊಗೆರಹಿತ ಮದ್ದಿನ ಒತ್ತಡಕ್ಕೆ ಸಿಡಿಯುತ್ತದೆ, ಸಿಡಿಯುವುದು ಮುಖದ ಪಕ್ಕದಲ್ಲೇ. ಒಲೆಗೆ, ಬಾವಿಗೆ, ತೋಟದ ಗುಂಡಿಗೂ ಹಾಕಬೇಡಿ. ಠಾಣೆಗೆ ಇಲ್ಲವೇ ಪರವಾನಗಿ ಇರುವ ಅಂಗಡಿಗೆ ಮೊದಲು ಫೋನ್ ಮಾಡಿ, ಎಷ್ಟಿವೆ, ಯಾವ ಬೋರಿನವು ಎಂದು ತಿಳಿಸಿ, ಅವರು ಹೇಳಿದ ಹಾಗೆ ಒಪ್ಪಿಸಿ. ಹೋಗುವಾಗ ಕೋವಿ ಮನೆಯಲ್ಲೇ ಇರಲಿ. ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.