ಚಿತ್ರದುರ್ಗದಂಥ ಜಿಲ್ಲೆಯಲ್ಲಿ ತಾಲ್ಲೂಕು ಶಿಕ್ಷಕರ ಸಂಘದ ಪದಾಧಿಕಾರಿಗೆ ನಿಜವಾಗಿ ಇರುವ ಕೆಲಸವೇನು?

ಹೊರಗಿನವರಿಗೆ ಸಂಘವೆಂದರೆ ಮನವಿ ಪತ್ರ, ಹಾರ ತುರಾಯಿ. ಆದರೆ ಪದಾಧಿಕಾರಿಯ ಬಹುಪಾಲು ಸಮಯ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಕಡತಗಳ ಬೆನ್ನು ಹತ್ತುವುದರಲ್ಲೇ ಕಳೆಯುತ್ತದೆ. ಮೊಳಕಾಲ್ಮುರಿನ ಗಡಿ ಹಳ್ಳಿಯ ಶಿಕ್ಷಕಿಯೊಬ್ಬರ ವಾರ್ಷಿಕ ವೇತನ ಬಡ್ತಿ ಸೇವಾ ಪುಸ್ತಕದಲ್ಲಿ ನಮೂದಾಗದೆ ಉಳಿದರೆ, ಅದು ಮುಂದೆ ಕಾಲಮಿತಿ ಬಡ್ತಿಯಿಂದ ನಿವೃತ್ತಿಯ ಲೆಕ್ಕದವರೆಗೆ ತೊಡಕಾಗುವುದರಿಂದ, ಆ ಒಂದು ಸಾಲನ್ನು ಬರೆಸಿ ಸಹಿ ಹಾಕಿಸುವುದೇ ದೊಡ್ಡ ಕೆಲಸ. ಶಾಲೆ ಬಿಟ್ಟು ಅಲೆಯಲು ಆ ಶಿಕ್ಷಕಿಗೆ ರಜೆಯಾದರೂ ಎಲ್ಲಿದೆ? 2006ರ ಏಪ್ರಿಲ್ 1ರಂದು ಮತ್ತು ಆನಂತರ ನೇಮಕಗೊಂಡವರ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಅಸಮಾಧಾನ ಮಾತ್ರ ತಾಲ್ಲೂಕಿನಲ್ಲಿ ಬಗೆಹರಿಯುವಂಥದ್ದಲ್ಲ.

ಬೋಧಕೇತರ ಕೆಲಸದ ದೂರು ಬಂದಾಗ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಓದಿಕೊಂಡೇ ಹೋಗಬೇಕು: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕರ್ತವ್ಯಗಳಿಗೆ ಶಿಕ್ಷಕರನ್ನು ನಿಯೋಜಿಸಬಹುದು, ಉಳಿದವುಗಳಿಗಲ್ಲ.

ಊರಿನ ಪರವಾದ ಕೆಲಸ ಪೋಷಕರಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮೂಲಕ ಸಾಗುವುದೇ ಮೇಲು. ಏಕೋಪಾಧ್ಯಾಯ ಶಾಲೆಗೆ ಇನ್ನೊಬ್ಬ ಶಿಕ್ಷಕರನ್ನು ಸಂಘ ಕೇಳಿದರೆ ಅದು ನೌಕರರ ಬೇಡಿಕೆ ಎನಿಸಿಕೊಳ್ಳುತ್ತದೆ. ಒಂದರಿಂದ ಐದನೇ ತರಗತಿಯವರೆಗೆ ಮಕ್ಕಳು 60ರ ಒಳಗಿದ್ದರೂ ಇಬ್ಬರು ಶಿಕ್ಷಕರಿರಬೇಕೆಂಬ ಅದೇ ಕಾಯ್ದೆಯ ಅನುಸೂಚಿಯನ್ನು ತೋರಿಸಿ ಪೋಷಕರೇ ಕೇಳಿದರೆ ಅಧಿಕಾರಿಗಳು ಸುಲಭವಾಗಿ ತಳ್ಳಿಹಾಕಲಾರರು. ನಡತೆ ನಿಯಮಗಳು ಪಕ್ಷ ರಾಜಕಾರಣವನ್ನು ನಿಷೇಧಿಸಿರುವುದರಿಂದ ಮುಖಂಡರ ವೇದಿಕೆಗಳಿಂದ ದೂರವಿರುವುದು ಲೇಸು.